“ನಮ್ಮ ಕೋವಿ ನಾವು ಕೊಡೆವು!”

ಚುನಾವಣೆ ಬಂತೆಂದರೆ ನಿಮಗೆಲ್ಲ ನೆನಪಾಗುವುದು ಧ್ವನಿವರ್ಧಕದ ಗದ್ದಲ, ಬಾಗಿಲಿಗೆ ಬಂದು ಕೈಮುಗಿಯುವ ಅಭ್ಯರ್ಥಿಗಳು. ಆದರೆ ನಮ್ಮ ಮಲೆನಾಡಿನ ತೋಟದ ಮನೆಗಳಲ್ಲಿ ನೆನಪಾಗುವುದು ಕೋವಿ! ಹೌದು ಸೋದರಿಯರೇ, ನಗಬೇಡಿ. ಚುನಾವಣೆಯ ದಿನಾಂಕ ಗೊತ್ತಾಗುತ್ತಲೇ ಪರವಾನಗಿಯ ಕೋವಿಗಳನ್ನು ತಂದು ಠಾಣೆಯಲ್ಲಿ ಠೇವಣಿ ಇಡಿ ಎಂದು ಹೇಳಿಕಳಿಸುತ್ತಾರೆ. ಓಟು ಮುಗಿದು ಎಣಿಕೆಯಾಗುವ ತನಕ ಅದು ಅಲ್ಲೇ.

ನಾವಿರುವುದು ತಾಲ್ಲೂಕು ಪೇಟೆಯಲ್ಲಿ. ಅತ್ತೆ, ಮಾವ ಇರುವುದು ಹದಿನೈದು ಕಿಲೋಮೀಟರು ಆಚೆ, ಅಡಿಕೆ ತೋಟದ ಮನೆಯಲ್ಲಿ. 2024ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ ಮಾವನವರು ಕೋವಿಯನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸಿಳಿದು ನಮ್ಮ ಮನೆಗೆ ಬಂದರು. ಮಜ್ಜಿಗೆ ಕೊಟ್ಟರೆ ಕುಡಿಯಲೂ ಇಲ್ಲ.

“ಐವತ್ತು ವರ್ಷದಿಂದ ಇಟ್ಕೊಂಡಿದೀನಿ. ಒಬ್ಬರ ಮೇಲೆ ಎತ್ತಿದ್ದಿಲ್ಲ. ಓಟು ಹಾಕೋರು ಹಾಕ್ಲಿ, ಗೆಲ್ಲೋರು ಗೆಲ್ಲಲಿ. ನಡುವೆ ನನ್ನ ಕೋವಿ ಏನು ತಪ್ಪು ಮಾಡ್ತು? ನಾನೇನು ಕಳ್ಳನೇ?” ಎಂದು ಒಂದೇ ಸಮನೆ ಕೂಗಾಡಿದರು. ಅತ್ತೆಯವರು ಫೋನಿನಲ್ಲಿ, “ಇಲ್ಲಿ ಬಾಳೆಗೊನೆ ಎಲ್ಲಾ ಮಂಗನ ಪಾಲು. ರಾತ್ರಿ ಹಂದಿ ಕಾಟ. ಅವಕ್ಕೂ ನೀತಿ ಸಂಹಿತೆ ಉಂಟೇನೇ?” ಎಂದು ಕೇಳಿದರು. ನಾನು ಏನೆಂದು ಉತ್ತರ ಕೊಡಲಿ?

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ನನ್ನ ಚಿಕ್ಕಮ್ಮನ ಮಗಳು ಆಸ್ಟ್ರೇಲಿಯಾದ ಸಿಡ್ನಿಯಲ್ಲಿದ್ದಾಳೆ. 2025ರ ಡಿಸೆಂಬರ್ 14ರಂದು ಅಲ್ಲಿಯ ಬೊಂಡೈ ಎಂಬ ಕಡಲತೀರದಲ್ಲಿ ಯೆಹೂದಿಗಳು ಹಬ್ಬ ಆಚರಿಸುತ್ತಿದ್ದಾಗ ಗುಂಡು ಹಾರಿಸಿ 15 ಜನರನ್ನು ಕೊಂದರಲ್ಲ, ಆ ಸುದ್ದಿ ಪತ್ರಿಕೆಯಲ್ಲಿ ನೀವೂ ಓದಿರಬಹುದು. ಹೆದರಿ ಅವಳಿಗೆ ಫೋನು ಮಾಡಿದೆ. ದೇವರ ದಯೆ, ಅವಳ ಮನೆಯವರೆಲ್ಲ ಕ್ಷೇಮವಾಗಿದ್ದರು. ಕೆಲವೇ ದಿನಗಳಲ್ಲಿ ಅಲ್ಲಿಯ ಪ್ರಧಾನಿ ಆಂಥನಿ ಆಲ್ಬನೀಸ್ ಅವರು ಸರಕಾರವೇ ಜನರಿಗೆ ಹಣ ಕೊಟ್ಟು ಕೋವಿಗಳನ್ನು ಕೊಂಡು ನಾಶಮಾಡುವ ಯೋಜನೆಯೊಂದನ್ನು ಘೋಷಿಸಿದರು. ಅದಕ್ಕೆ ವಿರೋಧವೂ ಎದ್ದಿತು. ಆಗ ತಂಗಿ ಹೇಳಿದಳು: “ಅಕ್ಕಾ, ಇಲ್ಲಿ ಟೀವಿಯಲ್ಲಿ ರೈತರು ಮಾತಾಡೋದು ಕೇಳಿದರೆ ನಿಮ್ಮ ಮಾವನೇ ಇಂಗ್ಲಿಷಿನಲ್ಲಿ ಮಾತಾಡಿದ ಹಾಗಿದೆ!”

ನನಗೆ ಕುತೂಹಲವಾಯಿತು. ಆ ದೇಶದಲ್ಲಿ ಇದು ಮೊದಲ ಸಲವೂ ಅಲ್ಲವಂತೆ. ಓದಿ, ಕೇಳಿ ತಿಳಿದದ್ದನ್ನು ನಿಮಗೂ ಹೇಳೋಣವೆನಿಸಿತು. ಕೋವಿಯ ವಿಷಯ ಹೆಂಗಸರಿಗೇಕೆ ಎನ್ನಬೇಡಿ. ಗಂಡಸರು ಗೋಡೆಗೆ ತೂಗುಹಾಕುವ ಕೋವಿಯ ಕೆಳಗೆ ಮಕ್ಕಳನ್ನು ಮಲಗಿಸುವವರು ನಾವೇ ತಾನೆ?

ಒಂದು ಭಾನುವಾರದ ಮಧ್ಯಾಹ್ನ

ಆಸ್ಟ್ರೇಲಿಯಾದ ದಕ್ಷಿಣಕ್ಕೆ ಟಾಸ್ಮೇನಿಯಾ ಎಂಬ ದ್ವೀಪವಿದೆ. ಅಲ್ಲಿ ಪೋರ್ಟ್ ಆರ್ಥರ್ ಎಂಬ ಊರು. ಹಿಂದಿನ ಕಾಲದಲ್ಲಿ ಇಂಗ್ಲೆಂಡಿನಿಂದ ಗಡೀಪಾರಾದ ಕೈದಿಗಳನ್ನಿಟ್ಟಿದ್ದ ಸ್ಥಳ. ಈಗ ಜನ ಪ್ರವಾಸಕ್ಕೆ ಹೋಗಿ ಹಳೆಯ ಸೆರೆಮನೆ ನೋಡಿ ಬರುತ್ತಾರೆ. 1996ರ ಏಪ್ರಿಲ್ 28, ಭಾನುವಾರ. ಊಟದ ಹೊತ್ತು. ಅಲ್ಲಿನ ಹೋಟೆಲಿಗೆ ಬಂದ ಯುವಕನೊಬ್ಬ ಚೀಲದಿಂದ ಬಂದೂಕು ತೆಗೆದು ಕಂಡಕಂಡವರಿಗೆ ಗುಂಡು ಹೊಡೆದ. ಆ ದಿನ ಒಟ್ಟು 35 ಜನ ಸತ್ತರು. ಅವನ ಬಳಿ ಪರವಾನಗಿಯೇ ಇರಲಿಲ್ಲ.

ಸತ್ತವರಲ್ಲಿ ಒಬ್ಬ ತಾಯಿ, ಅವಳ ಇಬ್ಬರು ಹೆಣ್ಣುಮಕ್ಕಳು ಸೇರಿದ್ದರು. ಅಲಾನಾಗೆ ಆರು ವರ್ಷ, ಮ್ಯಾಡೆಲೈನ್‌ಗೆ ಮೂರು. ಒಂದೇ ಮಧ್ಯಾಹ್ನದಲ್ಲಿ ಮನೆ ಬರಿದಾದ ಆ ತಂದೆ ವಾಲ್ಟರ್ ಮಿಕಾಕ್, ಕೋವಿಯ ಕಾನೂನು ಬಿಗಿಯಾಗಬೇಕೆಂದು ಪ್ರಧಾನಿಗೆ ಪತ್ರ ಬರೆದರು. ಮುಂದೆ 1997ರಲ್ಲಿ ಆ ಇಬ್ಬರು ಮಕ್ಕಳ ಹೆಸರಿನಲ್ಲೇ ಒಂದು ಪ್ರತಿಷ್ಠಾನ ಹುಟ್ಟಿತು. ಹಿಂಸೆಗೆ ಸಿಕ್ಕಿದ ಮಕ್ಕಳ ನೆರವಿಗೆ ಅದು ಕೆಲಸ ಮಾಡುತ್ತ ಬಂದಿದೆ.

ಹನ್ನೆರಡೇ ದಿನ

ಆಗ ಪ್ರಧಾನಿಯಾಗಿದ್ದವರು ಜಾನ್ ಹೋವರ್ಡ್. ಅಧಿಕಾರಕ್ಕೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ. ಹಳ್ಳಿಯವರ ಓಟಿನಿಂದ ಗೆದ್ದ ಪಕ್ಷವೂ ಅವರ ಸರಕಾರದಲ್ಲಿ ಪಾಲುದಾರ. ಅಂಥವರು ಹಳ್ಳಿಯವರ ಕೋವಿಗೇ ಕೈಹಾಕುತ್ತಾರೆಂದು ಯಾರು ಎಣಿಸಿದ್ದರು? ಕೋವಿಯ ಕಾನೂನು ಮಾಡುವ ಅಧಿಕಾರ ಅಲ್ಲಿ ರಾಜ್ಯಗಳದ್ದು. ಆದ್ದರಿಂದ ಎಲ್ಲ ರಾಜ್ಯಗಳ ಮಂತ್ರಿಗಳನ್ನೂ ಕರೆಸಿ ಮೇ 10ರಂದು, ಅಂದರೆ ಹತ್ಯೆ ನಡೆದ ಹನ್ನೆರಡೇ ದಿನಕ್ಕೆ, ಒಂದು ಒಪ್ಪಂದಕ್ಕೆ ಬಂದರು.

ಒಪ್ಪಂದದಲ್ಲಿ ಏನಿತ್ತು? ಒಂದು ಸಲ ತುಂಬಿದರೆ ಕುದುರೆ ಒತ್ತಿದಂತೆಲ್ಲ ಗುಂಡು ಹಾರುವ ರೈಫಲ್ಲುಗಳು, ಅದೇ ಬಗೆಯ ಚರೆಕೋವಿಗಳು, ಕೈಯಿಂದ ಹಿಂದೆಮುಂದೆ ಎಳೆದು ಬೇಗ ಬೇಗ ಹೊಡೆಯುವ ಪಂಪ್ ಕೋವಿಗಳು ಸಾಮಾನ್ಯ ಜನರಿಗೆ ನಿಷೇಧ. ಉಳಿದ ಕೋವಿಗಳೆಲ್ಲ ನೋಂದಣಿಯಾಗಬೇಕು. ಪರವಾನಗಿ ಬೇಕೆಂದರೆ ಸರಿಯಾದ ಕಾರಣ ತೋರಿಸಬೇಕು. ‘ಆತ್ಮರಕ್ಷಣೆಗೆ’ ಎಂದರೆ ಅದು ಕಾರಣವಲ್ಲ. ಕೊಳ್ಳುವ ಮೊದಲು 28 ದಿನ ಕಾಯಬೇಕು. ಮನೆಯಲ್ಲಿ ಬೀಗ ಹಾಕಿಯೇ ಇಡಬೇಕು.

ಸರಿ, ಜನ ಅದಾಗಲೇ ಕೊಂಡಿಟ್ಟದ್ದೇನಾಗಬೇಕು? ಸುಮ್ಮನೆ ಕಿತ್ತುಕೊಳ್ಳುವಂತಿಲ್ಲ. ಪ್ರಜೆಯ ಆಸ್ತಿಯನ್ನು ಕೇಂದ್ರ ಸರಕಾರ ತೆಗೆದುಕೊಂಡರೆ ನ್ಯಾಯವಾದ ಬೆಲೆ ಕೊಡಬೇಕೆಂದು ಅಲ್ಲಿಯ ಸಂವಿಧಾನದಲ್ಲೇ ಇದೆ. ಹಾಗಾಗಿ ಯಾವ ಕೋವಿಗೆ ಎಷ್ಟೆಂದು ದರದ ಪಟ್ಟಿ ಮಾಡಿ, ಜನ ತಂದೊಪ್ಪಿಸಿದರೆ ಹಣ ಕೊಡುವುದೆಂದು ಗೊತ್ತುಮಾಡಿದರು. ಹಣವನ್ನು ಎಲ್ಲಿಂದ ತರುವುದು? ತೆರಿಗೆ ಕಟ್ಟುವವರೆಲ್ಲ ಆರೋಗ್ಯ ಯೋಜನೆಗೆಂದು ಆದಾಯದ ನೂರಕ್ಕೆ ಒಂದೂವರೆ ಪಾಲು ಕೊಡುತ್ತಿದ್ದರು. ಅದನ್ನು ಒಂದು ವರ್ಷದ ಮಟ್ಟಿಗೆ ನೂರಕ್ಕೆ 1.7 ಮಾಡಿದರು. ಕೋವಿಯನ್ನೇ ಮುಟ್ಟದ ಶಾಲಾ ಮಾಸ್ತರರೂ ದಾದಿಯರೂ ಪಾಲು ಕೊಟ್ಟಂತಾಯಿತು ನೋಡಿ.

ಸಿಟ್ಟಿಗೆದ್ದ ಹಳ್ಳಿಗಳು

ಪಟ್ಟಣದ ಜನ ಬಹುಮಟ್ಟಿಗೆ ಸರಿ ಎಂದರು. ಜನಾಭಿಪ್ರಾಯ ಕೇಳಿದಾಗಲೆಲ್ಲ ಹೆಚ್ಚಿನವರು ಸರಕಾರದ ಪರವೇ ಇದ್ದರು. ಆದರೆ ಹಳ್ಳಿಗಾಡು ಹೊತ್ತಿ ಉರಿಯಿತು. 1996ರ ಜೂನ್ 1ರಂದು ಮೆಲ್ಬರ್ನ್ ನಗರದ ಬೀದಿಗಳಲ್ಲಿ ಹತ್ತಾರು ಸಾವಿರ ಜನ ಮೆರವಣಿಗೆ ಹೊರಟರು. ಅವರ ಮಾತುಗಳನ್ನು ಒಂದೊಂದಾಗಿ ಕೇಳಿ. ಎಲ್ಲವನ್ನೂ ತಳ್ಳಿಹಾಕುವಂತಿಲ್ಲ.

ಮೊದಲನೆಯದು, ‘ಯಾರೋ ಒಬ್ಬ ಮಾಡಿದ ಪಾಪಕ್ಕೆ ನಮಗೆಲ್ಲ ಯಾಕೆ ಶಿಕ್ಷೆ?’ ಇವರೆಲ್ಲ ಕಾನೂನಿನಂತೆ ನಡೆದವರು. ಇಡೀ ದೇಶ ತಮ್ಮನ್ನು ಕೊಲೆಗಾರರ ಸಾಲಿಗೆ ಸೇರಿಸಿತೆಂಬ ಅವಮಾನ ಅವರಿಗೆ. ನಮ್ಮ ಮಾವನವರು “ನಾನೇನು ಕಳ್ಳನೇ?” ಎಂದದ್ದೂ ಇದೇ ಅಲ್ಲವೆ?

ಎರಡನೆಯದು, ‘ಇದು ನಮಗೆ ಕತ್ತಿ, ಗುದ್ದಲಿ ಇದ್ದ ಹಾಗೆ.’ ಅಲ್ಲಿ ಮೊಲಗಳ ಹಾವಳಿ ವಿಪರೀತ. ನರಿ ಕುರಿಮರಿ ಎತ್ತುತ್ತದೆ, ಕಾಡುಹಂದಿ ಹೊಲ ಅಗೆಯುತ್ತದೆ. ಇವಕ್ಕೆಂದು ರೈತರು ಇಟ್ಟುಕೊಂಡಿದ್ದ ಹಗುರ ರೈಫಲ್ಲುಗಳೇ ಬಹಳಷ್ಟು ಮಟ್ಟಿಗೆ ನಿಷೇಧದ ಪಟ್ಟಿಗೆ ಸೇರಿದ್ದವು.

ಮೂರನೆಯದು, ‘ಕಳ್ಳಕಾಕರು ತಂದುಕೊಡುತ್ತಾರೆಯೇ? ಕೊಡುವವರು ನಾವು ಸಾಧುಗಳು ಮಾತ್ರ.’

ನಾಲ್ಕನೆಯದು, ‘ಅಜ್ಜನ ಕಾಲದ ಕೋವಿಗೆ ನಿಮ್ಮ ಪಟ್ಟಿಯಲ್ಲಿ ಬೆಲೆ ಎಲ್ಲಿದೆ?’ ನಮ್ಮ ಅಜ್ಜಿಯ ಅವಲಕ್ಕಿ ಸರವನ್ನು ತೂಕಕ್ಕೆ ಹಾಕಿ ಇಷ್ಟು ರೂಪಾಯಿ ಎಂದರೆ ನಮಗೆ ಹೇಗಾದೀತು?

ಐದನೆಯದು, ‘ಇವತ್ತು ಕೋವಿ, ನಾಳೆ ಇನ್ನೇನು?’ ಎಂಬ ಭಯ. ಸರಕಾರದ ಮೇಲೆ ನಂಬಿಕೆ ಇಲ್ಲದವನಿಗೆ ಹಣದ ಆಸೆ ತೋರಿಸಿದಷ್ಟೂ ಸಂಶಯ ಹೆಚ್ಚುತ್ತದೆ.

ಕೋಟಿನೊಳಗಿನ ಕವಚ

ಜೂನ್ 16ರಂದು ವಿಕ್ಟೋರಿಯಾ ರಾಜ್ಯದ ಸೇಲ್ ಎಂಬ ಸಣ್ಣ ಊರಿನಲ್ಲಿ ಕೋವಿದಾರರ ದೊಡ್ಡ ಸಭೆ. ಪ್ರಧಾನಿ ಹೋವರ್ಡ್ ತಾವೇ ಹೋಗಿ ಆ ಸಿಟ್ಟಿನ ಜನರ ಎದುರು ನಿಂತು ಮಾತನಾಡಿದರು. ಪೊಲೀಸರ ಸಲಹೆಯಂತೆ ಕೋಟಿನೊಳಗೆ ಗುಂಡು ತಾಗದ ಕವಚ ತೊಟ್ಟಿದ್ದರು. ಅದು ಕೋಟಿನ ಮೇಲಿಂದಲೇ ಉಬ್ಬಿ ಕಾಣುತ್ತಿತ್ತು. ತಮ್ಮ ಪ್ರಧಾನಿಯೇ ತಮ್ಮನ್ನು ಕೊಲೆಗಡುಕರೆಂದು ತಿಳಿದನಲ್ಲಾ ಎಂದು ಜನರಿಗೆ ಇನ್ನಷ್ಟು ನೋವಾಯಿತು. ಅದನ್ನು ತೊಡಬಾರದಿತ್ತು ಎಂದು ಹೋವರ್ಡ್ ಅವರೇ ಮುಂದೆ ಒಪ್ಪಿಕೊಂಡರು.

ಎದುರು ನಿಂತು ಮಾತನಾಡಿದ್ದಕ್ಕೆ ಮೆಚ್ಚೋಣವೇ, ಕವಚ ತೊಟ್ಟಿದ್ದಕ್ಕೆ ಬೈಯೋಣವೇ? ನನಗನ್ನಿಸುವುದು, ಮನೆಯಲ್ಲೂ ಹೀಗೇ. ಕಹಿ ಔಷಧಿ ಕುಡಿಸುವಾಗ ಮಗುವಿನ ಕೈಕಟ್ಟಿ ಕುಡಿಸಿದರೆ ಔಷಧಿ ಒಳಗೆ ಹೋಗುತ್ತದೆ, ಆದರೆ ಸಿಟ್ಟು ಬಹಳ ದಿನ ಉಳಿಯುತ್ತದೆ.

ಇನ್ನೂ ಕಷ್ಟವಾದದ್ದು ಉಪಪ್ರಧಾನಿ ಟಿಮ್ ಫಿಷರ್ ಅವರಿಗೆ. ಅವರು ಸ್ವತಃ ರೈತ, ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದ ಸೈನಿಕ, ಹಳ್ಳಿಗರ ಪಕ್ಷದ ನಾಯಕ. ತಮಗೇ ಓಟು ಕೊಟ್ಟ ಜನರ ಬೈಗುಳ ತಿಂದರೂ ಅವರು ಮಾತು ಬದಲಿಸಲಿಲ್ಲ. ಪಕ್ಷ ಮಾತ್ರ ಬೆಲೆ ತೆತ್ತಿತು. 1998ರಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಚುನಾವಣೆಯಲ್ಲಿ ಪಾಲಿನ್ ಹ್ಯಾನ್ಸನ್ ಎಂಬ ಹೆಂಗಸಿನ ಹೊಸ ಪಕ್ಷ 89 ಸ್ಥಾನಗಳಲ್ಲಿ 11 ಗೆದ್ದಿತು. ಫಿಷರ್ ಅವರ ಪಕ್ಷದ ಸರಕಾರ ಅಲ್ಲಿ ಬಿತ್ತು. ಕಾರಣಗಳು ಹಲವು, ಕೋವಿಯ ಸಿಟ್ಟೂ ಅದರಲ್ಲೊಂದು.

ಕೊಟ್ಟ ಮೇಲೆ ಏನಾಯಿತು?

ಇಷ್ಟೆಲ್ಲ ಕೂಗಾಡಿದರೂ ಜನ ಸಾಲುಗಟ್ಟಿ ಬಂದು ಕೊಟ್ಟರು! 1996-97ರಲ್ಲಿ 6 ಲಕ್ಷ 40 ಸಾವಿರಕ್ಕೂ ಹೆಚ್ಚು ಕೋವಿಗಳು ಬಂದವು. ಸುಮಾರು 30 ಕೋಟಿ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಟ್ಟರು. ರಾಶಿ ಹಾಕಿ ಯಂತ್ರದಲ್ಲಿ ಜಜ್ಜಿ ಹಾಕಿದರು. ಕೆಲವರು ನೆಲದಲ್ಲಿ ಹೂತಿಟ್ಟರೆಂಬ ಮಾತೂ ಉಂಟು.

ಫಲ ಸಿಕ್ಕಿತೇ? ಪೋರ್ಟ್ ಆರ್ಥರ್‌ನಂಥ ದೊಡ್ಡ ಹತ್ಯಾಕಾಂಡ ಮತ್ತೆ ಬೊಂಡೈ ತನಕ, ಅಂದರೆ ಸುಮಾರು ಮೂವತ್ತು ವರ್ಷ, ಸಾರ್ವಜನಿಕ ಸ್ಥಳದಲ್ಲಿ ನಡೆಯಲಿಲ್ಲ. ಇನ್ನೊಂದು ಸಂಗತಿ ನನ್ನನ್ನು ಬಹಳ ಹೊತ್ತು ಯೋಚಿಸುವಂತೆ ಮಾಡಿತು. ಕೋವಿಯಿಂದ ಆಗುವ ಸಾವುಗಳೆಂದರೆ ಕೊಲೆ ಎಂದು ತಾನೇ ನಾವು ತಿಳಿಯುವುದು? ಅಲ್ಲಿ ಹೆಚ್ಚಿನವು ಕೊಲೆಗಳಲ್ಲ, ಆತ್ಮಹತ್ಯೆಗಳು. ಮುಂದಿನ ವರ್ಷಗಳಲ್ಲಿ ಕೋವಿಯಿಂದಾಗುವ ಆತ್ಮಹತ್ಯೆಗಳು ಬಹಳ ಇಳಿದವು. ಮೊದಲೇ ಇಳಿಯುತ್ತಿದ್ದವು, ಕಾನೂನಿಗೆ ಪೂರಾ ಕೀರ್ತಿ ಕೊಡಬೇಡಿ ಎನ್ನುವ ಪಂಡಿತರೂ ಇದ್ದಾರೆ. ಆದರೆ ಇಳಿದದ್ದಂತೂ ನಿಜ.

ವಿರೋಧಿಸಿದವರ ಮಾತಿನಲ್ಲೂ ಸತ್ಯವಿತ್ತು. ಜನ ಅನುಮತಿಯಿರುವ ಬೇರೆ ಬಗೆಯ ಕೋವಿಗಳನ್ನು ಕೊಳ್ಳುತ್ತ ಹೋದರು. 2025ರಲ್ಲಿ ಸರಕಾರವೇ ಹೇಳಿದ ಪ್ರಕಾರ ದೇಶದಲ್ಲಿ 40 ಲಕ್ಷಕ್ಕೂ ಹೆಚ್ಚು ಕೋವಿಗಳು. 1996ರಲ್ಲಿ ಇದ್ದುದಕ್ಕಿಂತ ಹೆಚ್ಚು! ಬೊಂಡೈಯ ಹಂತಕರಲ್ಲಿ ಒಬ್ಬನ ಬಳಿ ಪರವಾನಗಿಯ ಕೋವಿಗಳೇ ಆರು ಇದ್ದವು. ‘ಪರವಾನಗಿ ಕೊಡುವಾಗ ನೀವು ಸರಿಯಾಗಿ ನೋಡದೆ ಈಗ ನಮ್ಮ ಕಪಾಟಿಗೆ ಕೈಹಾಕುತ್ತೀರಾ?’ ಎಂದು ಹಳ್ಳಿಯವರು ಕೇಳಿದರೆ ತಪ್ಪೆನ್ನಲಾದೀತೆ?

ಪಕ್ಕದ ನ್ಯೂಜಿಲೆಂಡಿನಲ್ಲೂ ಹೀಗೇ ಆಯಿತು. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ 51 ಜನ ಹತರಾದರು. ತಿಂಗಳೊಳಗೆ ಕಾನೂನು ಬಂತು. ಸಂಸತ್ತಿನಲ್ಲಿ 119 ಜನ ಪರ, ಒಬ್ಬರೇ ವಿರೋಧ. ಅದೇ ವರ್ಷ ಡಿಸೆಂಬರಿನೊಳಗೆ 56 ಸಾವಿರದಷ್ಟು ಕೋವಿಗಳನ್ನು ಸರಕಾರ ಕೊಂಡಿತು. ಕೊಟ್ಟ ಬೆಲೆ ಕಡಿಮೆಯಾಯಿತೆಂದು ಅಲ್ಲಿಯೂ ಗೊಣಗಿದವರಿದ್ದರು.

ನಮ್ಮ ನಾಡಿನಲ್ಲಿ

ನಮ್ಮಲ್ಲಿ ಹಣ ಕೊಟ್ಟು ಕೊಳ್ಳುವ ಮಾತಿಲ್ಲ. ಆದರೆ 2019ರಲ್ಲಿ ಶಸ್ತ್ರಾಸ್ತ್ರ ಕಾಯಿದೆಗೆ ತಿದ್ದುಪಡಿ ತಂದಾಗ, ಒಬ್ಬರಿಗೆ ಮೂರರವರೆಗೆ ಇದ್ದುದನ್ನು ಒಂದಕ್ಕೆ ಇಳಿಸಬೇಕೆಂದು ಮೊದಲು ಹೊರಟಿದ್ದರು. ಕೊನೆಗೆ ಎರಡು ಎಂದಾಯಿತು. ಹೆಚ್ಚಿನದನ್ನು ಠಾಣೆಗೋ ಪರವಾನಗಿ ಪಡೆದ ಅಂಗಡಿಗೋ ಒಪ್ಪಿಸಬೇಕು.

ಇನ್ನು ಕೊಡಗಿನ ಕಥೆಯೇ ಬೇರೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಪ್ರಶ್ನಿಸಿ ಹೈಕೋರ್ಟಿಗೆ ಹೋದಾಗ 2021ರಲ್ಲಿ ಕೋರ್ಟು ವಿನಾಯಿತಿಯನ್ನೇ ಎತ್ತಿಹಿಡಿಯಿತು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಯನ್ನು ತೊಳೆದು, ಒರೆಸಿ, ‘ತೋಕ್ ಪೂ’ ಎಂಬ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಮನೆಯಲ್ಲಿ ಸಾವಾದರೆ ಊರಿಗೆ ತಿಳಿಸುವುದೂ ಗುಂಡಿನ ಸದ್ದಿನಿಂದಲೇ. ಅಂಥ ಮನೆಯವರಿಗೆ ಕೋವಿಯ ಬೆಲೆ ಎಷ್ಟೆಂದು ಯಾವ ಪಟ್ಟಿಯಲ್ಲಿ ಬರೆಯಲಾದೀತು?

ನನ್ನ ಅಕ್ಕ ಮಾಡಿದ ಕೆಲಸ

ಈಗ ಹೇಳುವುದನ್ನು ಭಾವನವರ ಅನುಮತಿ ಕೇಳಿಯೇ ಬರೆಯುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಎರಡು ಮಳೆಗಾಲ ಸೇರಿ ಅವರ ತೋಟಕ್ಕೆ ಕೊಳೆರೋಗ ಬಡಿಯಿತು. ಸೊಸೈಟಿ ಸಾಲ, ಮಗಳ ಮದುವೆ ಸಾಲ. ಭಾವ ಮಾತು ಬಿಟ್ಟರು, ಊಟ ಬಿಟ್ಟರು. ಒಂದು ರಾತ್ರಿ ಎರಡು ಗಂಟೆಗೆ ಅಕ್ಕ ಎದ್ದು ನೋಡಿದರೆ ಜಗುಲಿಯಲ್ಲಿ ದೀಪವಿಲ್ಲದೆ ಕೂತಿದ್ದರು. ಮೇಲೆ ಗೋಡೆಯಲ್ಲಿ ಕೋವಿ.

ಅಕ್ಕ ಏನೂ ಕೇಳಲಿಲ್ಲ. “ಚಳಿ ಇದೆ, ಒಳಗೆ ಬನ್ನಿ” ಎಂದಳಷ್ಟೆ. ಬೆಳಗಾಗುತ್ತಲೇ ತೋಟಾಗಳನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ಹಪ್ಪಳದ ಡಬ್ಬದ ತಳಕ್ಕೆ ಸೇರಿಸಿದಳು. ಅನಂತರ ಭಾವನ ತಮ್ಮನನ್ನು ಕರೆಸಿ, ಅವರಿಬ್ಬರೂ ಕೂಡಿ ಹೋಗಿ ಕೋವಿಯನ್ನು ಪರವಾನಗಿಯಿರುವ ಅಂಗಡಿಯಲ್ಲಿ ಇಟ್ಟುಬರುವಂತೆ ಹಟ ಹಿಡಿದಳು. ಭಾವ ಮೂರು ದಿನ ಮನೆ ಹಾರಿಹೋಗುವಂತೆ ಕೂಗಾಡಿದರು. “ನನ್ನ ಕೋವಿ ಕಳಿಸೋಕೆ ನೀನ್ಯಾರು? ನನ್ನ ಮೇಲೆ ನಂಬಿಕೆ ಇಲ್ವಾ?” ಅಕ್ಕ ಅತ್ತಳು, ಆದರೆ ಬಗ್ಗಲಿಲ್ಲ. ಆಮೇಲೆ ಶಿವಮೊಗ್ಗದ ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋದಳು. ಮಾತ್ರೆ, ಮಾತು ಎರಡೂ ನಡೆದವು. ಸಾಲದ ಕಂತು ಮುಂದೂಡಿಸಿಕೊಂಡರು. ಭಾವ ಮೆಲ್ಲಗೆ ಮೊದಲಿನಂತಾದರು.

ಒಂದು ವರ್ಷ ಕಳೆದ ಮೇಲೆ ಅವರೇ ಹೇಳಿದರಂತೆ: “ಆ ಮೂರು ದಿನ ನಿನ್ನ ಮೇಲೆ ಸಿಟ್ಟು ಮಾಡೋದರಲ್ಲೇ ಹೋಯ್ತು. ಬೇರೆ ಯೋಚನೆ ಬರಲಿಲ್ಲ.” ಕೋವಿ ವಾಪಸು ತರಲು ಅವರು ಇಂದಿಗೂ ಹೋಗಿಲ್ಲ. ಮಂಗಗಳಿಗೆ ಪಟಾಕಿ ಹಚ್ಚುತ್ತಾರೆ. ವರ್ಷಕ್ಕೆ ಒಂದಿಷ್ಟು ಬಾಳೆಗೊನೆ ನಷ್ಟ. “ಹೋಗಲಿ ಬಿಡು” ಎನ್ನುತ್ತಾಳೆ ಅಕ್ಕ.

ಆಸ್ಟ್ರೇಲಿಯಾದ ಆ ಲೆಕ್ಕವನ್ನು ಓದಿದಾಗ ನನಗೆ ಕಂಡದ್ದು ಅಂಕಿಗಳಲ್ಲ, ಅಕ್ಕನ ಹಪ್ಪಳದ ಡಬ್ಬ. ಕೆಟ್ಟ ಗಳಿಗೆ ಬರುತ್ತದೆ, ಹೋಗುತ್ತದೆ. ಅದು ಹೋಗುವ ತನಕ ಕೈಗೆ ಏನೂ ಸಿಗಬಾರದು, ಅಷ್ಟೆ.

ಮನೆಯಲ್ಲಿ ಕೋವಿ ಇದ್ದರೆ

ಸರಕಾರ ಕೊಳ್ಳಲಿ, ಬಿಡಲಿ. ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ.

ಕೋವಿಯನ್ನು ಗೋಡೆಗೆ ತೂಗುಹಾಕುವ ಬದಲು ಬೀಗವಿರುವ ಕಪಾಟಿನಲ್ಲಿಡಿಸಿ. ತೋಟಾ ತುಂಬಿದ ಕೋವಿ ಒಂದು ಗಳಿಗೆಯೂ ಮನೆಯೊಳಗೆ ಬರಕೂಡದು. ತೋಟಾಗಳು ಬೇರೆ ಕಡೆ, ಬೇರೆ ಬೀಗದಲ್ಲಿರಲಿ. ಬೀಗದ ಕೈ ಎಲ್ಲಿದೆಯೆಂದು ಮಕ್ಕಳಿಗೆ ತಿಳಿಯದಿರಲಿ. ಬೇಸಿಗೆ ರಜೆಗೆ ಮಕ್ಕಳು ಬರುವ ಮುನ್ನ ಒಮ್ಮೆ ನೀವೇ ನೋಡಿ. ಮನೆಯಲ್ಲಿ ಕುಡಿತ, ಜಗಳ, ಸಾಲದ ಚಿಂತೆ ಇದ್ದರೆ, ಯಾರಾದರೂ ಮಂಕಾಗಿ ಕೂತರೆ, ನಾಚಿಕೆ ಬಿಟ್ಟು ಹಿರಿಯರಿಗೆ ಹೇಳಿ. ಕೋವಿಯನ್ನು ಠಾಣೆಗೋ ಅಂಗಡಿಗೋ ಕ್ರಮವಾಗಿ ಠೇವಣಿ ಇಡಿಸಿ, ರಸೀದಿ ಪಡೆಯಿರಿ. ಮನಸ್ಸಿನ ಕಷ್ಟಕ್ಕೆ ಸರಕಾರದ ‘ಟೆಲಿ ಮಾನಸ್’ ಎಂಬ ಉಚಿತ ಫೋನು ಇದೆ, 14416. ಕನ್ನಡದಲ್ಲೇ ಮಾತನಾಡಬಹುದು.

ಮೊನ್ನೆ ತೋಟಕ್ಕೆ ಹೋಗಿದ್ದಾಗ ಮಾವನವರಿಗೆ ಈ ಕಥೆಯನ್ನೆಲ್ಲ ಹೇಳಿದೆ. “ಸರಕಾರ ದುಡ್ಡು ಕೊಟ್ಟರೆ ನೀವು ಕೊಡ್ತೀರಾ ಮಾವ?” ಎಂದು ಕೇಳಿದೆ. “ಅಪ್ಪಯ್ಯನ ಕೈ ಸವೆದ ಗುರುತು ಇದೆ ಅದರ ಮೇಲೆ. ಅದಕ್ಕೆ ಎಷ್ಟು ಕೊಡ್ತಾರಂತೆ?” ಎಂದು ನಕ್ಕರು. ಆರು ವರ್ಷದ ಅಲಾನಾಳ ಸುದ್ದಿ ಹೇಳಿದಾಗ ನಗಲಿಲ್ಲ. ಎಲೆಯಡಿಕೆ ತಟ್ಟೆ ಪಕ್ಕಕ್ಕಿಟ್ಟು ಸುಮ್ಮನೆ ಕೂತರು. ನಮ್ಮ ಸಣ್ಣ ಮಗಳು ಅಂಗಳದಲ್ಲಿ ಆಡುತ್ತಿದ್ದಳು.

ಈ ವಾರ ಅತ್ತೆಯವರ ಫೋನು ಬಂತು. ಗೋಡೆಯ ಮೊಳೆ ಖಾಲಿಯಂತೆ. ಆಚಾರಿಯನ್ನು ಕರೆಸಿ ಹಳೇ ಕಪಾಟಿಗೆ ಬೀಗ ಹಾಕಿಸಿದರಂತೆ. “ಬೀಗದ ಕೈ ಯಾರ ಹತ್ತಿರ ಅತ್ತೆ?” ಎಂದೆ. 

“ಮತ್ಯಾರ ಹತ್ತಿರ? ನನ್ನ ಸೆರಗಿನ ಗಂಟಿನಲ್ಲೇ” ಎಂದರು.